ಪತ್ತಾರಜ್ಜನ ಗುರುತು

ನಮ್ಮ ನಾನಿಯ ಬೆಳ್ಳಿಯ ಕಾಲ್ಗಡಗ ಎರಡಿದ್ದವು. ಈಗ ಒಂದೇ ಉಳಿದಿದೆ. ಅದರ ಒಳಮೈಯಲ್ಲಿ ಜೋಳದ ಕಾಳಿನಷ್ಟು ಸಣ್ಣ ಗುರುತೊಂದಿದೆ: ಬಟ್ಟಲಿನಂಥ ಅರ್ಧ ಸುತ್ತು, ಅದರೊಳಗೊಂದು ಚುಕ್ಕೆ. ಉರ್ದು ಶಾಲೆಯಲ್ಲಿ ಅಲಿಫ್, ಬೇ ಕಲಿಯುತ್ತಿದ್ದ ನನಗೆ ಅದು 'ನೂನ್' ಅಕ್ಷರವಾಗಿ ಕಂಡಿತ್ತು. ನಾನಿಯ ಹೆಸರೂ ನೂನ್‌ನಿಂದಲೇ ಶುರುವಾಗುತ್ತದೆ. ಮಿಶ್ರಿಕೋಟಿಯ ಪತ್ತಾರ ಅವಳ ಹೆಸರನ್ನೇ ಬರೆದುಕೊಟ್ಟಿದ್ದಾನೆಂದು ಎಷ್ಟೋ ವರ್ಷ ನಂಬಿದ್ದೆ. ಆ ಪತ್ತಾರನಿಗೆ ಉರ್ದು ಬರುತ್ತಿತ್ತೇ ಎಂದು ಕೇಳಿಕೊಳ್ಳುವ ಬುದ್ಧಿ ಆಗ ಇರಲಿಲ್ಲ.

1943ರಲ್ಲಿ ನಾನಿಯ ನಿಕಾಹ್ ಆದಾಗ ಮಾಡಿಸಿದ ಕಡಗಗಳಿವು. "ಒಂದೊಂದರಾಗ ಹದಿನೈದು ರಾಣಿ ರೂಪಾಯಿ ಅದಾವು" ಎನ್ನುತ್ತಿದ್ದಳು. ಆ ಕಾಲದ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಹಳ್ಳಿಯ ಜನಕ್ಕೆ ನಾಣ್ಯವೇ ಗಟ್ಟಿ, ನಾಣ್ಯವೇ ತೂಕದ ಕಲ್ಲು.

2009ರಲ್ಲಿ ಅಬ್ಬಾ ಆಸ್ಪತ್ರೆ ಸೇರಿದರು. ಅಮ್ಮಿ ಒಂದು ಕಡಗ ತೆಗೆದುಕೊಟ್ಟಳು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹಾಲ್‌ಮಾರ್ಕ್ ಇಲ್ಲರೀ. ಹಳೇ ಬೆಳ್ಳಿ. ನೂರಕ್ಕ ಅರವತ್ತೈದು ಹಿಡೀತೀವಿ" ಎಂದರು. ನಾನು ಒಳಗಿನ ಗುರುತು ತೋರಿಸಿದೆ. "ಇಂಥಾವೆಲ್ಲಾ ಲೆಕ್ಕಕ್ಕಿಲ್ಲರೀ" ಎಂದರು. ಅಬ್ಬಾ ಹಾಸಿಗೆಯಲ್ಲಿದ್ದರು. ಕೊಟ್ಟಷ್ಟು ತೆಗೆದುಕೊಂಡು ಬಂದೆ.

ಮುಂದೆ ಕಥೆಯೊಂದಕ್ಕಾಗಿ ಬೆಳ್ಳಿ ಕೆಲಸದ ಬಗ್ಗೆ ಓದುತ್ತಿದ್ದಾಗ ಸ್ಕಾಟ್ಲೆಂಡಿನ ಸಣ್ಣ ಊರುಗಳ ಹಳೆಯ ಬೆಳ್ಳಿಯ ವಿಚಾರ ಸಿಕ್ಕಿತು. ಅಲ್ಲಿ ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ ಇದ್ದದ್ದು ಎಡಿನ್‌ಬರೋದಲ್ಲಿ. ಗ್ಲಾಸ್ಗೋಗೆ ಅಂಥದೊಂದು ಬಂದದ್ದು 1819ರಲ್ಲಿ. ಇನ್ವರ್ನೆಸ್, ಟೇನ್, ವಿಕ್‌ನಂಥ ಉತ್ತರದ ಊರುಗಳ ಪತ್ತಾರರು ನಾಲ್ಕು ಚಮಚ ಮಾಡಿ ಅಷ್ಟು ದೂರ ಕಳಿಸಿ ತರಿಸಿಕೊಳ್ಳುವುದು ಆಗದ ಮಾತು. ಹಾಗಾಗಿ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಾವೇ ಒತ್ತುತ್ತಿದ್ದರು. ಜೊತೆಗೆ ಊರಿನ ಗುರುತು: ಇನ್ವರ್ನೆಸ್‌ನದು ಒಂಟೆ, ಡಂಡಿಯದು ಕುಂಡದಲ್ಲಿನ ಲಿಲ್ಲಿ ಹೂ. ಎಲ್ಲರೂ ಸಾಮಾನನ್ನು ಕಚೇರಿಗೇ ಕಳಿಸಬೇಕೆಂದು 1836ರಲ್ಲಿ ಕಾಯ್ದೆ ಬಂದಮೇಲೆ ಈ ಗುರುತುಗಳು ಮೆಲ್ಲಗೆ ಮರೆಯಾದವು. ಇಂದು ಅವುಗಳ ಒಡೆಯರನ್ನು ಹುಡುಕುವವರು ಒಂದೇ ಗುರುತಿನ ಬೇರೆ ಬೇರೆ ಸಾಮಾನುಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ, ಆಮೇಲೆ ಊರಿನ ಹಳೆಯ ದಾಖಲೆಗಳಲ್ಲಿ ಹೆಸರು ಹುಡುಕುತ್ತಾರೆ. ಒಂದೇ ಸಾಮಾನು ನೋಡಿ ತೀರ್ಮಾನಕ್ಕೆ ಬರುವುದಿಲ್ಲ.

ಬ್ರಿಟಿಷರು ಈ ಪದ್ಧತಿಯನ್ನು ನಮ್ಮ ದೇಶಕ್ಕೆ ತರಲಿಲ್ಲ. ಮದರಾಸಿನ ಪಿ. ಓರ್ ಅಂಡ್ ಸನ್ಸ್‌ನಂಥ ದೊಡ್ಡ ಕಂಪನಿಗಳು ತಮ್ಮ ಹೆಸರನ್ನೇ ಒತ್ತಿಕೊಂಡವು. ಹಳ್ಳಿಯ ಪತ್ತಾರನಿಗೆ ಅದೂ ಬೇಕಿರಲಿಲ್ಲ, ಊರಿಗೆಲ್ಲ ಅವನ ಮುಖವೇ ಗೊತ್ತಿತ್ತು. ಹಾಗಿದ್ದರೆ ನಮ್ಮ ಪತ್ತಾರ ಈ ಗುರುತನ್ನೇಕೆ ಒತ್ತಿದ?

ಎದುರು ಮನೆಯ ಗೌಡ್ತಿ ಅವ್ವನನ್ನು ಕೇಳಿದೆ. ಅವರು ದೇವರ ಗೂಡಿನಿಂದ ಗಂಡನ ಬೆಳ್ಳಿ ಕರಡಿಗೆ ತಂದರು. "ಲಿಂಗ ಅವರ ಜೋಡಿನ ಮಣ್ಣಿಗೆ ಹೋತು. ಇದಷ್ಟ ಉಳೀತು ನೋಡಪಾ" ಎಂದರು. ನನ್ನ ಕೈಗೆ ಕೊಡಲಿಲ್ಲ, ನಾನೂ ಕೈಚಾಚಲಿಲ್ಲ. ಅವರ ಅಂಗೈಯಲ್ಲೇ ಮಗುಚಿದಾಗ ಕಂಡಿತು: ಅದೇ ಅರ್ಧ ಸುತ್ತು, ಅದೇ ಚುಕ್ಕೆ. ನನ್ನ ನೂನ್ ಲಿಂಗದ ಕರಡಿಗೆಯ ತಳದಲ್ಲಿ ಕೂತಿತ್ತು!

ಹೋದ ವರ್ಷ ತಂಗಿಯ ಮಗಳ ಕಾಲೇಜಿನ ಫೀಸು ತುಂಬಬೇಕಾಯಿತು. ಉಳಿದ ಕಡಗ ಮಾರೋಣವೆಂದಳು. ಈ ಸಲ ಹುಬ್ಬಳ್ಳಿಗೆ ಹೋಗದೆ ಆ ಪತ್ತಾರನ ಮೊಮ್ಮಗನಲ್ಲಿಗೆ ಹೋದೆ. ಅವನಿಗೀಗ ಐವತ್ತು ದಾಟಿದೆ. ದೊಡ್ಡ ಅಂಗಡಿಯೊಂದರ ಕೂಲಿ ಕೆಲಸದ ಮೇಲೆ ಮನೆ ನಡೆಸುತ್ತಾನೆ. ಕಡಗವನ್ನು ಬೆಳಕಿಗೆ ಹಿಡಿದು ನಕ್ಕ.

"ನಮ್ಮಜ್ಜನ ಕೆಲಸರೀ ಸಾಹೇಬ್ರ. ಇದು ಮೂಸಿ. ಒಳಗಿನ ಚುಕ್ಕಿ ಬೆಳ್ಳಿ ಗುಂಡು. ಎಲ್ಲಾದಕ್ಕೂ ಒತ್ತತಿರಲಿಲ್ಲ ಅವಾ. ಲಡಾಯಿ ಕಾಲದಾಗ ರೂಪಾಯಿಗೆ ಅರ್ಧಕ್ಕರ್ಧ ಬ್ಯಾರೆ ಲೋಹ ಕೂಡಿಸಿದ್ರಲ್ಲ, ಆವಾಗಿಂದ ಹಳೇ ರೂಪಾಯಿ ಕರಗಿಸಿ ಮಾಡಿದ್ದಕ್ಕಷ್ಟ ಈ ಗುರ್ತು."

1940ರಲ್ಲಿ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿದ್ದನ್ನು ನಾನು ಓದಿದ್ದೆ. ಅವನು ಅಜ್ಜನ ಬಾಯಿಂದ ಕೇಳಿದ್ದ.

"ಈ ಗುರ್ತಿನ ಸಾಮಾನು ಯಾರ ತಂದ್ರೂ ಒರಿ ಹಚ್ಚಬ್ಯಾಡ್ರಿ, ಹಳೇ ರೂಪಾಯಿ ಲೆಕ್ಕಕ್ಕ ತಗೋರಿ ಅಂತ ಹೇಳಿ ಹೋಗ್ಯಾನರೀ. ಎರಡು ಕಂತಿನಾಗ ಕೊಡ್ತೀನಿ, ನಡೀತೈತಿಲ್ಲ? ಇದರ ಜೋಡಿ ಎಲ್ಲೈತ್ರೀ?"

ಏನು ಹೇಳಲಿ? ಎಂಬತ್ತು ವರ್ಷದ ಹಿಂದೆ ಕೊಟ್ಟ ಮಾತು ಇಲ್ಲೇ, ನಾಲ್ಕು ಓಣಿಯಾಚೆ ಕಾಯುತ್ತಿತ್ತು. ನಾನು ಅದನ್ನು ಕೇಳದೆ ಹುಬ್ಬಳ್ಳಿಯ ಬಸ್ಸು ಹತ್ತಿದ್ದೆ.

ಬೆಳ್ಳಿಗೆ ಹಾಲ್‌ಮಾರ್ಕ್ ಬಂದದ್ದು 2005ರಲ್ಲಿ. 2025ರ ಸೆಪ್ಟೆಂಬರ್‌ನಿಂದ ಅದರ ಜೊತೆ ಒಂದೊಂದು ಒಡವೆಗೂ ಬೇರೆಯೇ ಆದ ಆರು ಅಂಕಿ-ಅಕ್ಷರಗಳ ಗುರುತೂ ಬಂದಿದೆ. ಒಳ್ಳೆಯದೇ, ಗುರುತು ಪರಿಚಯವಿಲ್ಲದ ಪೇಟೆಯಲ್ಲಿ ಬಡವರ ಬೆಳ್ಳಿಗೆ ಅಂಥದೊಂದು ಸಾಕ್ಷಿ ಬೇಕು. ಆದರೆ ಆ ಮುದ್ರೆ ಬೆಳ್ಳಿ ಎಷ್ಟು ಶುದ್ಧ ಎಂದಷ್ಟೇ ಹೇಳುತ್ತದೆ. ಪತ್ತಾರಜ್ಜನ ಮೂಸಿ, ಕಷ್ಟ ಬಂದರೆ ನನ್ನ ಹತ್ತಿರ ಬಾ ಎಂದೂ ಹೇಳುತ್ತಿತ್ತು.

ಕೂಲಿಯ ಮೇಲೆ ಬದುಕುವ ಮೊಮ್ಮಗನಿಂದ ಅಜ್ಜನ ಮಾತಿನ ಬೆಲೆ ವಸೂಲು ಮಾಡಲು ಮನಸ್ಸಾಗಲಿಲ್ಲ. ಕಡಗ ಮನೆಗೆ ಬಂತು, ಫೀಸಿಗೆ ಸಾಲ ಮಾಡಿದೆ. ಕಡಗವನ್ನು ತಂಗಿಯ ಮಗಳ ಕೈಯಲ್ಲಿಟ್ಟೆ. ಕನ್ನಡ ಶಾಲೆಯಲ್ಲಿ ಓದಿದ ಅವಳಿಗೆ ನೂನ್ ಗೊತ್ತಿಲ್ಲ.

"ಇದೇನು ಮಾಮೂ, ಬಟ್ಟಲಾ?" ಎಂದಳು.

ಮೂಸಿ ಎಂದೆ. ಪತ್ತಾರರ ಮನೆ ಯಾವ ಓಣಿಯಲ್ಲಿದೆ ಎಂಬುದನ್ನೂ ಹೇಳಿದೆ.