ಕೂಸು ಬೆಚ್ಚಿಬಿದ್ದರೆ ಭಯವೇಕೆ?

ಹಸುಗೂಸು ಬೆಚ್ಚಿಬಿದ್ದರೆ 'ಗಾಳಿ ಸೋಕಿದೆ, ಓದಿ ಊದಿ' ಎಂದು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ತಾಯಂದಿರು ನನ್ನ ಬಳಿ ಬರುವುದುಂಟು. ದುಆ ಓದುತ್ತೇನೆ. ಜೊತೆಗೆ ಹೇಳುತ್ತೇನೆ: ಇದು ಜಿನ್ನ್‌ಗಳ ಕಾಟವಲ್ಲ, ಅಲ್ಲಾಹನು ಕೂಸಿನ ನರಗಳಲ್ಲಿಟ್ಟ ಎಚ್ಚರ.

ಕುಕ್ಕರ್ ಕೂಗಿದರೆ, ಕಬ್ಬಿನ ಲಾರಿ ಹಾರ್ನ್ ಹೊಡೆದರೆ, ತಲೆಗೆ ಆಸರೆ ತಪ್ಪಿದರೆ ಕೂಸು ಎರಡೂ ಕೈ ಚಾಚಿ, ಮತ್ತೆ ಎದೆಗೆ ತಂದುಕೊಂಡು ಅಳುತ್ತದೆ. 1918ರಲ್ಲಿ ಇದನ್ನು ವಿವರಿಸಿದ ಮಕ್ಕಳ ವೈದ್ಯ ಅರ್ನ್‌ಸ್ಟ್ ಮೊರೊ ಅವರ ಹೆಸರಿನಿಂದ ಇದಕ್ಕೆ ಮೊರೊ ರಿಫ್ಲೆಕ್ಸ್ ಎನ್ನುತ್ತಾರೆ. ಎದೆಗವಚಿಕೊಂಡರೆ ಕೂಸು ಸುಮ್ಮನಾಗುತ್ತದೆ. 4ರಿಂದ 6 ತಿಂಗಳೊಳಗೆ ಬೆಚ್ಚುವುದು ತಾನಾಗಿ ನಿಲ್ಲುತ್ತದೆ.

ಆದರೆ ಒಂದೇ ಕೈ ಆಡಿದರೆ, ಕೂಸು ಬೆಚ್ಚುವುದೇ ಇಲ್ಲವಾದರೆ, ಶಬ್ದವಿಲ್ಲದೆಯೂ ಮೇಲಿಂದ ಮೇಲೆ ಮೈ ಸೆಟೆದರೆ ತಾವೀಜು ನಂಬಿ ಕೂರಬೇಡಿ; ಅಂದೇ ಮಕ್ಕಳ ಡಾಕ್ಟರಿಗೆ ತೋರಿಸಿ. ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ರೇ ಕಲಿಸಿದ್ದಾರೆ.