ರಬ್ಬರ್ ಕಪ್ಪೆ ಮತ್ತು ಕೊರಮೀನು

ನಾವು ಮೂವರೂ ಗಾಳ ಹಾಕೋದು ಕಲಿತಿದ್ದು ಎರೆಹುಳು ಸಿಕ್ಕಿಸಿಯೇ. ತಿಪ್ಪೆ ಪಕ್ಕದ ತೇವದ ಮಣ್ಣು ಕೆದಕಿದರೆ ತೆಂಗಿನ ಚಿಪ್ಪು ತುಂಬ ಹುಳು ಸಿಗುತ್ತಿತ್ತು. ದುಡ್ಡು ಬೇಕಿರಲಿಲ್ಲ, ಯಾವುದು ಹಾಕೋದು ಅನ್ನೋ ತಲೆಬಿಸಿಯೂ ಇರಲಿಲ್ಲ. ಈಗ ಫೋನಿನಲ್ಲಿ ಹುಡುಕಿದರೆ ಪ್ಲಾಸ್ಟಿಕ್ ಮೀನು, ತಗಡಿನ ಚಮಚ, ರಬ್ಬರ್ ಕಪ್ಪೆ, ಒಂದೊಂದರಲ್ಲೂ ಹತ್ತು ಬಣ್ಣ. ಇವಕ್ಕೆಲ್ಲ ಲ್ಯೂರ್ ಅಂತಾರೆ. ತಿನ್ನೋಕೆ ಏನೂ ಇಲ್ಲದ ನಕಲಿ ಎರೆ.

ಮೊದಲು ತರಿಸಿದ್ದು ಪಳಪಳ ಹೊಳೆಯುವ ಚಮಚ. ಮೂರನೇ ಎಸೆತಕ್ಕೇ ಜೊಂಡಿಗೆ ಸಿಕ್ಕಿ ದಾರ ಹರಿಯಿತು. ತಪ್ಪು ಚಮಚದ್ದಲ್ಲ, ನಮ್ಮದು. ಅದು ಹರಿಯುವ ನೀರಿಗೆ, ತೆರೆದ ನೀರಿಗೆ ಸರಿ. ನಮ್ಮ ಕೆರೆ ಅರ್ಧ ಜೊಂಡು, ಅರ್ಧ ತಾವರೆ ಎಲೆ. ನಮಗೆ ಬೇಕಿದ್ದದ್ದು ಕೊರಮೀನು. ಕೆಲವು ಕಡೆ ಮುರ್ಲು ಅಂತಾರೆ. ಹಾವಿನ ತಲೆಯಂಥ ತಲೆ, ನೀರಿನ ಮೇಲೆ ಬಂದು ಗಾಳಿ ಕುಡಿದು ಹೋಗುವ ಮೀನು. ಅದು ಇರೋದೇ ಎಲೆ ಜೊಂಡಿನ ಸಂದಿಯಲ್ಲಿ.

ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ ರಬ್ಬರ್ ಕಪ್ಪೆ. ಒಳಗೆ ಟೊಳ್ಳು, ಹಾಗಾಗಿ ತೇಲುತ್ತೆ. ಎರಡು ಮೊನೆಯ ಗಾಳ ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರುತ್ತೆ. ಎಲೆ ಮೇಲೆ ಎಳೆದರೂ ಸಿಕ್ಕಿಕೊಳ್ಳೋದು ಕಡಿಮೆ. ಮೀನು ಕಚ್ಚಿದಾಗ ರಬ್ಬರ್ ಒಳಗೆ ಅಮುಕಿ ಮೊನೆ ಹೊರಬರುತ್ತೆ. ಬಡಿದ ಸದ್ದು ಕೇಳಿದ ಕೂಡಲೇ ಎಳೆದರೆ ಬರೀ ಕಪ್ಪೆ ವಾಪಸ್ ಬರುತ್ತೆ. ಒಂದು, ಎರಡು ಅಂತ ಮನಸ್ಸಲ್ಲೇ ಎಣಿಸಿ ಎಳೆಯಬೇಕು. ಇದನ್ನು ಕಲಿಯೋಕೆ ನಮಗೆ ಒಂದು ತಿಂಗಳು ಬೇಕಾಯಿತು.

ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮುಸ್ಸಂಜೆಗೆ ಕಪ್ಪು, ಯಾಕೆಂದರೆ ಕೆಳಗಿಂದ ಆಕಾಶದ ಕಡೆ ನೋಡುವ ಮೀನಿಗೆ ಅದರ ಆಕಾರ ಚೆನ್ನಾಗಿ ಕಾಣುತ್ತೆ. ಹಗಲಿಗೆ ಹಸಿರು. ಮಳೆ ಬಂದು ನೀರು ಕೆಂಪಾದಾಗ ಬಣ್ಣಕ್ಕಿಂತ ಸದ್ದು ಮಾಡುವ ಕಪ್ಪೆ ವಾಸಿ. ನಮ್ಮ ಕಡೆ ಹಿಂದೆ ಜೀವಂತ ಕಪ್ಪೆಯನ್ನೇ ಚುಚ್ಚಿ ಬಿಡುತ್ತಿದ್ದರು. ರಬ್ಬರ್ ಬಂದು ಕಪ್ಪೆಗಂತೂ ಪುಣ್ಯ ಬಂತು.

ಆದರೆ ಬರೆಯಬೇಕು ಅನಿಸಿದ್ದು ಇದಕ್ಕಲ್ಲ.

ಕಳೆದ ಮಳೆಗಾಲ ಕೋಡಿ ಹತ್ತಿರ ನೀರಿನ ಮೇಲೆ ತಟ್ಟೆಯಗಲ ಕೆಂಪು ಕಾಣಿಸಿತು. ಮಳೆ ಹನಿ ಬಿದ್ದ ಹಾಗೆ ಅಲ್ಲಿ ಮಾತ್ರ ನೀರು ಮಿಣಮಿಣ ಅನ್ನುತ್ತಿತ್ತು. ಕೊರಮೀನಿನ ಮರಿಗಳ ಗುಂಪು. ವಿಡಿಯೋಗಳಲ್ಲಿ ನೋಡಿದ್ದೆವು: ಮರಿಗಳ ಮೇಲೆ ಕಪ್ಪೆ ಎಸೆಯಿರಿ, ದೊಡ್ಡದು ಗ್ಯಾರಂಟಿ. ಎಸೆದೆವು. ಎರಡನೇ ಎಸೆತಕ್ಕೇ ಕಲ್ಲು ಎತ್ತಿ ಹಾಕಿದ ಹಾಗೆ ಬಡಿಯಿತು. ಒಂದೂವರೆ ಕೆಜಿ ಇದ್ದಿರಬೇಕು. ಕುಣಿದಾಡಿಬಿಟ್ಟೆವು.

ಏರಿ ಮೇಲೆ ದನ ಮೇಯಿಸುತ್ತಿದ್ದ ತಾತ ಬಂದು ನೋಡಿದರು.

“ಮರಿ ಮ್ಯಾಲೆ ಹಾಕಿದ್ರೇನ್ರೋ?”

“ಹೂಂ ತಾತ, ಎರಡನೇ ಸಲಕ್ಕೇ ಕಚ್ಚಿತು.”

“ಕಚ್ಚದೆ ಏನ್ ಮಾಡುತ್ತೆ? ಅದು ಹಸಿವಿಗೆ ಕಚ್ಚಿದ್ದಲ್ಲ ಕಣ್ರೋ, ಮಕ್ಕಳ ತಂಟೆಗೆ ಬಂದ್ರು ಅಂತ ಕಚ್ಚಿದ್ದು.”

ಅಷ್ಟು ಹೇಳಿ ದನದ ಹಿಂದೆ ಹೋದರು. ಬೈದಿದ್ದರೆ ವಾಸಿಯಿತ್ತು.

ಅಂದು ರಾತ್ರಿ ಸಾರು ಆಯಿತು. ರುಚಿಯಾಗೇ ಇತ್ತು, ಸುಳ್ಳು ಹೇಳಲ್ಲ. ಮಾರನೇ ಬೆಳಿಗ್ಗೆ ಹೋಗಿ ನೋಡಿದರೆ ಕೆಂಪು ಗುಂಪು ಅಂಗೈಯಗಲ ಆಗಿತ್ತು, ಸುತ್ತ ಜಿಲೇಬಿ ಮೀನು ತಿರುಗುತ್ತಿದ್ದವು. ಮೂರನೇ ದಿನ ಅಲ್ಲಿ ಏನೂ ಇರಲಿಲ್ಲ. ಕೊರಮೀನು ಮೊಟ್ಟೆ ಇಟ್ಟು ಬಿಟ್ಟು ಹೋಗುವ ಜಾತಿಯಲ್ಲ. ಮರಿ ದೊಡ್ಡದಾಗುವ ತನಕ ಹಿರಿಯ ಮೀನು ಕೆಳಗೇ ನಿಂತು ಕಾಯುತ್ತೆ. ಅದನ್ನು ಎತ್ತಿದರೆ ಕಾವಲಿಲ್ಲ.

ಇದೇ ವಿಷಯ ಓದುತ್ತಾ ಸಾಲ್ಮನ್ ಬಗ್ಗೆ ತಿಳಿಯಿತು. ಸ್ಕಾಟ್ಲೆಂಡ್ ಕಡೆಯ ಆ ಮೀನು ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡೋಕೆ ಹುಟ್ಟಿದ ನದಿಗೆ ವಾಪಸ್ ಬರುತ್ತೆ. ನದಿಗೆ ಬಂದಮೇಲೆ ಊಟ ಬಿಡುತ್ತೆ. ಆದರೂ ಬಣ್ಣದ ಗರಿ ಕಟ್ಟಿದ ಗಾಳ, ಹೊಳೆಯುವ ಚಮಚ ಎದುರು ಬಂದರೆ ಕಚ್ಚುತ್ತೆ. ಹಳೇ ಅಭ್ಯಾಸಕ್ಕೋ, ಕಿರಿಕಿರಿಗೋ, ಗಾಳದವರಲ್ಲೇ ಒಮ್ಮತವಿಲ್ಲ. ತಣ್ಣಗಿನ, ತುಂಬಿದ ನೀರಿಗೆ ದೊಡ್ಡ ಲ್ಯೂರ್, ಇಳಿದ ತಿಳಿನೀರಿಗೆ ಚಿಕ್ಕದು ಅಂತ ಲೆಕ್ಕ ಹಾಕಿ ಆರಿಸುತ್ತಾರೆ. ಅಲ್ಲಿ ಎಷ್ಟೋ ಜನ ಹಿಡಿದ ಸಾಲ್ಮನ್ ಅನ್ನು ಮತ್ತೆ ನೀರಿಗೇ ಬಿಡುತ್ತಾರೆ. ನಮ್ಮ ಮನೆಗಳಲ್ಲಿ ಹೀಗೆ ಹೇಳಿದರೆ, “ಮತ್ತೆ ಹಿಡಿದದ್ದಾದರೂ ಯಾಕೆ?” ಅಂತ ಕೇಳುತ್ತಾರೆ. ಕೇಳೋದರಲ್ಲಿ ತಪ್ಪೂ ಇಲ್ಲ.

ನಮ್ಮಲ್ಲಿ ಇಬ್ಬರು ಈ ಸಲ ಮರಿಗಳ ಮೇಲೆ ಕಪ್ಪೆ ಎಸೆಯಲ್ಲ ಅಂತ ತೀರ್ಮಾನಿಸಿದ್ದೇವೆ. ಮರಿ ಕಂಡ ದಿನ ಕೆರೆಯ ಆ ಕಡೆಗೇ ಹೋಗೋದಿಲ್ಲ, ಈ ಕಡೆ ಕೂತು ಎರೆಹುಳಕ್ಕೆ ಜಿಲೇಬಿ ಹಿಡಿಯೋದು. ಮೂರನೆಯವನು ಒಪ್ಪಿಲ್ಲ. ಅವನ ವಾದವೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಕೆರೆ ಗುತ್ತಿಗೆ ಹಿಡಿದವರು ಕಾಟ್ಲಾ, ರೋಹು ಮರಿ ಬಿಟ್ಟಿದ್ದಾರೆ, ಆ ಮರಿಗಳನ್ನು ಕೊರಮೀನು ತಿನ್ನುತ್ತೆ. ಅದು ಕಡಿಮೆಯಾದರೆ ಅವರಿಗೆ ಖುಷಿಯೇ, ನಮಗೆ ಗಾಳ ಹಾಕೋಕೆ ಬಿಟ್ಟಿರೋದೂ ಅದಕ್ಕೇ. “ನೀವು ಬಿಟ್ಟರೆ ನಾಳೆ ಇನ್ನೊಬ್ಬ ಎಸೀತಾನೆ” ಅನ್ನೋದು ಅವನ ಕೊನೇ ಮಾತು.

ಮೊನ್ನೆ ಅವನಿಗೆ ಹೊಸ ಪಾರ್ಸಲ್ ಬಂತು. ಬಿಳಿ ಕಪ್ಪೆ, ಹಿಂದೆ ತಿರುಗುವ ಪುಟ್ಟ ತಗಡು. ಕೈಗೆ ತಗೊಂಡು ನೋಡಿದೆವು. ಚೆನ್ನಾಗೇ ಇದೆ. ಮಳೆ ಇನ್ನೂ ಬಂದಿಲ್ಲ.