ಪುಟು ಪುಟು ಸದ್ದಿನ ಬೆನ್ನು ಹತ್ತಿ

ಹಳೆಯ ವಾಲ್ವ್ ಆಂಪ್ಲಿಫೈಯರ್ ಆನ್ ಮಾಡಿ, ರೆಕಾರ್ಡಿನ ಮೇಲೆ ಸೂಜಿ ಇಡುವ ಮೊದಲೇ ಸ್ಪೀಕರು ‘ಪುಟು ಪುಟು’ ಎನ್ನತೊಡಗುತ್ತದಲ್ಲ, ರಿಪೇರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕಾಯಿಲೆ ಅದು. ಕೋನು ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಆಡುತ್ತಿರುತ್ತದೆ. ಜನ ಮೊದಲು ಶಂಕಿಸುವುದು ವಾಲ್ವುಗಳನ್ನು. ನಮ್ಮ ಬೆಂಗಳೂರಿನ ಬಿಇಎಲ್‌ನಲ್ಲಿ ತಯಾರಾದ ಗಟ್ಟಿಮುಟ್ಟಾದ ಇಎಲ್84ಗಳನ್ನು ಈ ಸಂಶಯಕ್ಕಾಗಿ ಕಿತ್ತೆಸೆಯುವುದನ್ನು ಕಂಡರೆ ಸಂಕಟವಾಗುತ್ತದೆ. ಹೆಚ್ಚಿನ ಸಲ ಒಣಗಿರುವುದು ಎಚ್‌ಟಿ ಲೈನಿನ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್. ಕೊನೆಯ ಹಂತ ಕರೆಂಟು ಎಳೆದಾಗಲೆಲ್ಲ ವೋಲ್ಟೇಜು ಕುಸಿದು, ಆ ಏರಿಳಿತ ಮೊದಲ ಹಂತಕ್ಕೆ ನುಗ್ಗಿ, ಹಿಗ್ಗಿ, ಮತ್ತೆ ಕೊನೆಗೆ ಬರುತ್ತದೆ. ಪವರ್ ತೆಗೆದು, ಉಳಿದ ಚಾರ್ಜನ್ನು ರೆಸಿಸ್ಟರ್ ಮೂಲಕ ಇಳಿಸಿ, ಒಳ್ಳೆಯ ಕಂಡೆನ್ಸರೊಂದನ್ನು ಅದರ ಅಡ್ಡಕ್ಕೆ ಕಟ್ಟಿ ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕಂತೆ.

ಕೊನೆಯ ಹಂತದ್ದು ಹೀಗೆ ಮೊದಲಿಗೆ ಮರಳುವ ಮಾತು ಬಂತೆಂದು, ಅದನ್ನು ಬೇಕೆಂದೇ ಮರಳಿಸಿದವರ ಕತೆ ಹೇಳುತ್ತೇನೆ. 1927ರ ಆಗಸ್ಟಿನಲ್ಲಿ ಹ್ಯಾರಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರು ಹಡ್ಸನ್ ನದಿಯ ಫೆರ್ರಿಯಲ್ಲಿ ಕೆಲಸಕ್ಕೆ ಹೋಗುತ್ತ, ಕೈಲಿದ್ದ ನ್ಯೂಯಾರ್ಕ್ ಟೈಮ್ಸ್ ಹಾಳೆಯ ಮೇಲೆಯೇ ನೆಗೆಟಿವ್ ಫೀಡ್‌ಬ್ಯಾಕಿನ ಲೆಕ್ಕ ಬರೆದರು. ಔಟ್‌ಪುಟ್ಟಿನ ಒಂದು ಪಾಲನ್ನು ತಲೆಕೆಳಗು ಮಾಡಿ ಇನ್‌ಪುಟ್ಟಿಗೆ ಕೊಟ್ಟರೆ ಡಿಸ್ಟಾರ್ಷನ್ ತಗ್ಗುತ್ತದೆ. ಇಪ್ಪತ್ತು ವರ್ಷದ ಮೇಲೆ, 1947ರಲ್ಲಿ, ಬ್ರಿಟನ್ನಿನ ವಿಲಿಯಮ್ಸನ್ ತಮ್ಮ ಆಂಪ್ಲಿಫೈಯರಿನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಒಳಗೆ ಸೇರಿಸಿಕೊಂಡು 20 ಡೆಸಿಬೆಲ್ ಫೀಡ್‌ಬ್ಯಾಕ್ ಹಾಕಿದರು. ಎಂಥ ಧೈರ್ಯ! ಪ್ರತಿ ಕಂಡೆನ್ಸರು, ಆ ಟ್ರಾನ್ಸ್‌ಫಾರ್ಮರು ಸಂಕೇತವನ್ನು ಒಂದಿಷ್ಟು ಹಿಂದೆಯೋ ಮುಂದೆಯೋ ಸರಿಸುತ್ತವೆ. ಸರಿದದ್ದೆಲ್ಲ ಕೂಡಿ 180 ಡಿಗ್ರಿ ಮುಟ್ಟಿದಾಗಲೂ ಗೇನ್ ಉಳಿದಿದ್ದರೆ, ಬೇಲಿಯೇ ಎದ್ದು ಹೊಲ ಮೇಯುತ್ತದೆ. ಅಗ್ಗದ ಟ್ರಾನ್ಸ್‌ಫಾರ್ಮರ್ ಹಾಕಿ ಆ ಡಿಸೈನು ಕಟ್ಟಿದವರಿಗೆ ಇದರ ಬಿಸಿ ತಟ್ಟಿತು.

ಇನ್ನೊಂದು ಕಾಯಿಲೆ ಕಿವಿಗೆ ಬೀಳುವುದೇ ಇಲ್ಲ. ಹಾಡು ತುಸು ಒರಟು, ಅಷ್ಟೆ. ದೀಪ ಆರಿಸಿ ನೋಡಿದರೆ ಔಟ್‌ಪುಟ್ ವಾಲ್ವಿನ ಆನೋಡು ಮಂಕಾಗಿ ಕೆಂಪಗಿರುತ್ತದೆ. ಬಯಾಸ್ ಸರಿಯಿದ್ದೂ ಹೀಗಾದರೆ ಆಂಪ್ಲಿಫೈಯರ್ ಕಿವಿಗೆ ಮೀರಿದ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗುತ್ತಿರಬಹುದು. ಇಂಥಲ್ಲಿ ನಾನು ಮೊದಲು ಹುಡುಕುವುದು ಹಿಂದಿನ ರಿಪೇರಿಯ ಕುರುಹು. ಗ್ರಿಡ್ ಸ್ಟಾಪರ್ ರೆಸಿಸ್ಟರು ಸಾಕೆಟ್ಟಿನ ಪಿನ್ನಿಗೆ ಅಂಟಿದಂತಿರಬೇಕು. ಅಂದಕ್ಕೆಂದು ದೂರ ಸರಿಸಿರುತ್ತಾರೆ. ಎಲ್ಲ ಕಂಡೆನ್ಸರನ್ನೂ ಒಂದೇ ಸಲ ಬದಲಿಸುವ ಉತ್ಸಾಹವನ್ನು ನಾನು ಒಪ್ಪುವುದಿಲ್ಲ. ವೈರುಗಳ ಜಾಗ ತಪ್ಪಿ ಹೊಸ ತೊಂದರೆ ಹುಟ್ಟುತ್ತದೆ. ಟ್ರಾನ್ಸ್‌ಫಾರ್ಮರ್ ಬದಲಿಸಿದೊಡನೆ ಊಳಿಟ್ಟರಂತೂ ಪ್ರೈಮರಿಯ ಎರಡು ಆನೋಡ್ ತುದಿ ಅದಲುಬದಲು ಮಾಡಿ, ಸಾಕು.

ಕೊನೆಗೆ ಸ್ಪೀಕರಿನ ಬದಲು ಅದರದೇ ಓಮ್‌ನ ದೊಡ್ಡ ರೆಸಿಸ್ಟರ್ ಕಟ್ಟಿ, 10 ಕಿಲೋಹರ್ಟ್ಸ್ ಚೌಕ ಅಲೆ ಕೊಟ್ಟು ಆಸಿಲೋಸ್ಕೋಪಿನಲ್ಲಿ ನೋಡಬೇಕು. ಅಲೆಯ ಮೂಲೆಯಲ್ಲಿ ಸಣ್ಣ ನಡುಕ ಹುಟ್ಟಿ ಬೇಗ ಅಡಗಿದರೆ ಚಿಂತೆಯಿಲ್ಲ. ಅಡಗದಿದ್ದರೆ ಫೀಡ್‌ಬ್ಯಾಕ್ ರೆಸಿಸ್ಟರಿನ ಅಡ್ಡಕ್ಕಿರುವ ಪುಟ್ಟ ಕಂಡೆನ್ಸರಿನ ಬೆಲೆ ಮೂಲ ಸರ್ಕ್ಯೂಟಿನಲ್ಲಿದ್ದಷ್ಟೇ ಇದೆಯೇ ಎಂದು ಅಳೆಯಿರಿ.